ಉಳವಪ್ಪ ಬರೆದುಕೊಟ್ಟ ಒಂದು ಸಾಲು

ಉಳವಪ್ಪನನ್ನು ನೆನೆದಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟು. ಆಮೇಲೆ ಕನಿಕರ, ಅದರ ಹಿಂದೆಯೇ ನನ್ನ ಮೇಲೆ ನನಗೇ ಸಿಟ್ಟು. ಇಷ್ಟು ವರ್ಷವಾದರೂ ಆ ಕ್ರಮ ತಪ್ಪಿಲ್ಲ.

ನಾವಿಬ್ಬರೂ ಖಾನಾಪುರದವರು. ಅವನದು ನಂದಗಡದಿಂದ ಬಂದು ನೆಲೆಸಿದ ಲಿಂಗಾಯತ ಮನೆತನ. ನಾನು ತ್ರ್ಯಂಬಕ, ಮನೆಯಲ್ಲಿ ಮರಾಠಿ ಆಡಿ ಬೀದಿಯಲ್ಲಿ ಕನ್ನಡ ಆಡುವವನು. ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹಿಡಿದು ಇದ್ದಲಹೊಂಡ, ದೇಸೂರ ದಾಟಿ ಬೆಳಗಾವಿಗೆ ಬರುವುದು, ಒಂದೇ ದವಾಖಾನೆಯಲ್ಲಿ ದಿನ ಕಳೆಯುವುದು, ಸಂಜೆ ಅದೇ ಗಾಡಿಗೆ ಓಡುವುದು. ಹದಿನೆಂಟು ವರ್ಷ ಹೀಗೇ ಹೋಯಿತು. ನಾನು ಕಿಟಕಿಯ ಹಿಂದೆ ಕೂತು ಕೇಸ್‌ಪೇಪರ್ ಬರೆದು ಶಿಕ್ಕಾ ಒತ್ತುವವನು. ಅವನು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಜನರ ಕಿವಿ ಪರೀಕ್ಷಿಸುವವನು. ಹೊರಗಿನ ಗದ್ದಲ ಒಳಗೆ ಬಾರದಿರಲೆಂದು ಆ ಕೋಣೆಯ ಗೋಡೆಗೆಲ್ಲ ಹಳೆಯ ಕೌದಿ ಹೊಡೆದಿದ್ದರು. ಬೇಸಿಗೆಯಲ್ಲಿ ಒಳಗೆ ಹೋದವರು ಕಿವಿಗಿಂತ ಮೊದಲು ಉಸಿರು ಕಳೆದುಕೊಳ್ಳುತ್ತಿದ್ದರು.

ಅವನ ಯಂತ್ರ ಸಾದಾ. ರೋಗಿಯ ಕಿವಿಗೆ ಹೆಡ್‌ಫೋನ್ ಹಾಕಿ ಇವನು ಗುಂಡಿ ಒತ್ತಿ ಸಣ್ಣ ಸದ್ದು ಬಿಡುತ್ತಾನೆ. ಕೇಳಿಸಿದರೆ ರೋಗಿ ಬೆರಳು ಎತ್ತಬೇಕು. ಸದ್ದು ಇಳಿಸುತ್ತ ಹೋಗಿ, ಎಲ್ಲಿ ಬೆರಳು ಏಳುವುದು ನಿಲ್ಲುತ್ತದೋ ಅಲ್ಲಿ ಕಾಗದದ ಮೇಲೆ ಗುರುತು ಹಾಕುತ್ತಾನೆ. ಶಹಾಪುರದ ನೇಕಾರರು ಸಾಲುಗಟ್ಟಿ ಬರುತ್ತಿದ್ದರು. ವಿದ್ಯುತ್ ಮಗ್ಗದ ಬಾಜು ಇಪ್ಪತ್ತು ವರ್ಷ ನಿಂತವರ ಬೆರಳು ಏಳಬೇಕಾದರೆ ಯಂತ್ರ ಅರ್ಧಕ್ಕಿಂತ ಮೇಲೆ ಹೋಗಬೇಕಿತ್ತು. ಅವರಿಗೆ ಅದರ ಚಿಂತೆಯೂ ಇರಲಿಲ್ಲ. ಮಗ್ಗದ ಗದ್ದಲದಲ್ಲಿ ಹೇಗೂ ಮಾತು ಕೇಳಿಸುವುದಿಲ್ಲವೆಂದು ಆ ಓಣಿಯ ಜನ ತುಟಿ ಓದಿ, ಕೈ ಮಾಡಿ ಸಂಸಾರ ನಡೆಸುವುದನ್ನು ಎಂದೋ ಕಲಿತುಬಿಟ್ಟಿದ್ದರು. ನೂಲು ಹರಿಯಿತು, ಮಗ್ಗ ನಿಲ್ಲಿಸು, ಉಣ್ಣು ಬಾ, ಅತ್ತೆ ಸಿಟ್ಟಾಗಿದ್ದಾಳೆ, ಎಲ್ಲಕ್ಕೂ ಅವರಲ್ಲಿ ಒಂದೊಂದು ಕೈಸನ್ನೆ ಇತ್ತು.

ಉಳವಪ್ಪನ ತೊಂದರೆ ಇದ್ದದ್ದು ಕೂಸುಗಳದ್ದು. ಕೂಸು ಬೆರಳು ಎತ್ತುವುದಿಲ್ಲವಲ್ಲ! ಅದಕ್ಕೆ ಅವನು ಗಂಟೆ, ಗಿಲಕಿ, ಸ್ಟೀಲಿನ ವಾಟಿ ಮತ್ತು ಚಮಚ ಇಟ್ಟುಕೊಂಡು, ಕೂಸಿನ ಬೆನ್ನ ಹಿಂದೆ ನಿಂತು ಬಾರಿಸಿ, ತಿರುಗಿ ನೋಡುತ್ತದೋ ಇಲ್ಲವೋ ಎಂದು ಕಾಯುತ್ತಿದ್ದ. ದಪ್ಪ ಮೀಸೆಯ, ಐದೂಮುಕ್ಕಾಲು ಅಡಿ ಎತ್ತರದ ಗಂಡಸು ಗಿಲಕಿ ಹಿಡಿದು ಕೂಸಿನ ಹಿಂದೆ ಬಗ್ಗಿ ನಿಂತದ್ದನ್ನು ನೋಡಿದರೆ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಆದರೆ ಕೂಸುಗಳು ಹಸಿದಿರುತ್ತವೆ, ನಿದ್ದೆಗಣ್ಣಲ್ಲಿರುತ್ತವೆ, ಹೊಸ ಜಾಗಕ್ಕೆ ಹೆದರಿರುತ್ತವೆ. ಕಿವಿ ಚೆನ್ನಾಗಿದ್ದದ್ದು ತಿರುಗುವುದಿಲ್ಲ, ಕಿವುಡಾದದ್ದು ನೆರಳು ನೋಡಿ ತಿರುಗಿಬಿಡುತ್ತದೆ. ಅವನ ಪರೀಕ್ಷೆ ಅರ್ಧ ಅಂದಾಜು, ಅರ್ಧ ದೇವರ ಮೇಲೆ ಭಾರ. ಅದು ಅವನಿಗೆ ಗೊತ್ತಿತ್ತು, ಹಾಗಾಗಿ ಕೂಸುಗಳನ್ನು ಅವುಗಳ ಮನೆಯಲ್ಲೇ ನೋಡುವುದು ಒಳ್ಳೆಯದೆಂದು ಅವನು ನಂಬಿದ್ದ. ಸಮಯ ಸಿಕ್ಕರೆ ಹೋಗಿಯೂ ಬರುತ್ತಿದ್ದ. ಯಾರೂ ಹೇಳದ ಕೆಲಸ ಅದು. ಅವನ ಒಳ್ಳೆಯತನವೇ ಅವನಿಗೆ ಮುಳುವಾಯಿತು ಎಂದು ನಾನು ಹೇಳುವುದು ಇದಕ್ಕೇ.

ಎಪ್ಪತ್ತೊಂಬತ್ತನೆಯ ಇಸವಿ ಆಷಾಢದಲ್ಲಿ ಚಂದ್ರವ್ವ ಎಂಬ ಹೆಣ್ಣುಮಗಳು ಶಹಾಪುರದಿಂದ ಕೂಸು ಎತ್ತಿಕೊಂಡು ಬಂದಳು. ಇಪ್ಪತ್ತೊಂದರ ಹುಡುಗಿ, ಜೊತೆಗೆ ಅತ್ತೆ ಬಸವಣ್ಣೆವ್ವ. ಕೂಸಿಗೆ ಹತ್ತು ತಿಂಗಳು, ಹೆಸರು ಗೌರವ್ವ.

"ನನ್ನ ಮಗಳಿಗೆ ಕೇಳ್ಸೂದಿಲ್ಲರಿ," ಅಂದಳು ಚಂದ್ರವ್ವ. "ಕೊಡಪಾನ ಬಿದ್ರೂ ಹೊಳ್ಳಿ ನೋಡೂದಿಲ್ಲ."

"ಸುಳ್ಳ ಹೇಳಬ್ಯಾಡ," ಅತ್ತೆ ಅಲ್ಲೇ ಗದರಿದಳು. "ಮಗ್ಗ ಬಂದಾದ್ರ ಸಾಕು, ಬೆಚ್ಚಿ ಏಳ್ತೈತಿ ಕೂಸು. ಕಿವುಡು ಹಂಗ ಏಳ್ತೈತೇನು? ತಾಯಿ ಆದಾಕಿ ಬಾಯಿಲೆ ಇಂಥಾ ಮಾತು!"

ಕೂಸು ಎರಡು ಸಲ ಬಂದಾಗಲೂ ಕೋಣೆಯೊಳಗೆ ಅತ್ತು ರಂಪ ಮಾಡಿ ಏನೂ ತಿಳಿಯಗೊಡಲಿಲ್ಲ. ಮೂರನೆಯ ಸಲ ಉಳವಪ್ಪ ಎಂದಿನಂತೆ, "ನಾನ ನಿಮ್ಮ ಮನಿಗೆ ಬರ್ತೀನಿ," ಅಂದ. ಆ ದಿನ ನನ್ನನ್ನೂ ಎಳೆದುಕೊಂಡು ಹೋದ.

ಮನೆಯ ಹೊರಪಡಸಾಲೆಯಲ್ಲಿ ನಾಲ್ಕು ಮಗ್ಗ. ಚಂದ್ರವ್ವನ ಗಂಡ ಗುರುಸಿದ್ದ ಒಬ್ಬನೇ ಎರಡನ್ನು ನಡೆಸುತ್ತಿದ್ದ, ಉಳಿದೆರಡನ್ನು ಕೂಲಿಯಾಳುಗಳು. ಒಳಕೋಣೆಯಲ್ಲಿ ಕೂಸು ನೆಲಕ್ಕೆ ಹಾಸಿದ ಕೌದಿಯ ಮೇಲೆ ಮಲಗಿತ್ತು. ದವಾಖಾನೆಯ ಸಾಹೇಬರು ಮನೆಗೆ ಬಂದರೆಂದು ಬಸವಣ್ಣೆವ್ವ ಮಂಚದ ಮೇಲೆ ಗಾದಿ, ಗಾದಿಯ ಮೇಲೆ ಹೊಸ ಚಾದರ ಹಾಸಿ ನಮ್ಮನ್ನು ಕೂಡಿಸಿದಳು. ಕಾಲು ಇಳಿಬಿಟ್ಟರೆ ಕೂಸಿಗೆ ತಾಗೀತೆಂದು ಇಬ್ಬರೂ ಚಕ್ಕಳಮಕ್ಕಳ ಹಾಕಿ ಕೂತೆವು. ಉಳವಪ್ಪ ಕೈ ಮಾಡಿದ. ಗುರುಸಿದ್ದ ಹೊರಗೆ ನಾಲ್ಕೂ ಮಗ್ಗ ನಿಲ್ಲುವಂತೆ ಮಾಡಿದ. ಕೂಸು ಕಣ್ಣು ಬಿಟ್ಟು, ಮೈ ಬೆಚ್ಚಿ, ಬಾಗಿಲ ಕಡೆ ಕುತ್ತಿಗೆ ಹೊರಳಿಸಿತು. ಮತ್ತೆ ಮಗ್ಗ ಸುರು, ಮತ್ತೆ ಬಂದ್. ಮತ್ತೆ ಅದೇ. ಮೂರು ಸಲ ಮಾಡಿ ನೋಡಿದ, ಮೂರು ಸಲವೂ ತಿರುಗಿತು. ಉಳವಪ್ಪನ ಮುಖ ಅರಳಿತು.

ಮರುದಿನ ಕೇಸ್‌ಪೇಪರಿನ ಮೇಲೆ ಅವನು ಗುಂಡಗಿನ ಅಕ್ಷರದಲ್ಲಿ ಬರೆದ: "ಮಗುವಿಗೆ ಕೇಳಿಸುತ್ತದೆ. ಕಾಳಜಿ ಬೇಡ." ನಾನು ಶಿಕ್ಕಾ ಒತ್ತಿದೆ. ಬಸವಣ್ಣೆವ್ವ ಅವನ ಕಾಲು ಮುಟ್ಟಲು ಬಗ್ಗಿದಳು, ಅವನು ಹಿಂದೆ ಸರಿದ. ಚಂದ್ರವ್ವ ಮಾತ್ರ ಕಾಗದವನ್ನು ಹಾಗೂ ಹೀಗೂ ತಿರುಗಿಸಿ ನೋಡಿ, "ಖರೇ ಏನ್ರಿ?" ಅಂದಳು. ಖರೆ ಅಂದ. ಆ ಕಾಗದದ ಮುಂದೆ ಆಕೆ ಇನ್ನೇನು ಕೇಳಿಯಾಳು? ಮನೆಯಲ್ಲಿ ಆಕೆ ಬಾಯಿ ತೆರೆದರೆ ಸಾಕು, ಅತ್ತೆ ಅದನ್ನು ಪೆಟ್ಟಿಗೆಯಿಂದ ತೆಗೆದು ತೋರಿಸುತ್ತಿದ್ದಳಂತೆ.

ಮೂರು ವರ್ಷ ದಾಟಿದರೂ ಗೌರವ್ವ ಅವ್ವ ಅನ್ನಲಿಲ್ಲ. ಆ ಮನೆಯಲ್ಲಿ ಎಲ್ಲರೂ ಕೈಸನ್ನೆಯಿಂದಲೇ ಮಾತಾಡುತ್ತಿದ್ದುದರಿಂದ ಹುಡುಗಿ ಎಲ್ಲದಕ್ಕೂ ಸರಿಯಾಗಿ ಉತ್ತರ ಕೊಡುತ್ತಿದ್ದಳು, ಓಡಿ ಹೋಗಿ ಬಾಬಿನು ತಂದುಕೊಡುತ್ತಿದ್ದಳು. ಮಾತು ತಡವಾಗಿ ಬಂದೀತು ಅಂತ ಎಲ್ಲರೂ ಸುಮ್ಮನಿದ್ದರು. ಎಂಬತ್ತೆರಡರ ಸಂಕ್ರಾಂತಿಯ ನಂತರ ಚಂದ್ರವ್ವ ಅತ್ತೆಯನ್ನೂ ಗಂಡನನ್ನೂ ಕರೆದುಕೊಂಡು ಮತ್ತೆ ಬಂದಳು.

ಈಗ ಹುಡುಗಿ ಆಟ ಆಡುವಷ್ಟು ದೊಡ್ಡವಳು. ಸದ್ದು ಕೇಳಿಸಿದಾಗಲೆಲ್ಲ ವಾಟಿಯಲ್ಲಿ ಒಂದು ಮಣಿ ಹಾಕಬೇಕು ಎಂದು ಉಳವಪ್ಪ ಕೈ ಮಾಡಿ ಕಲಿಸಿದ. ಎಷ್ಟು ಬೇಗ ಕಲಿತಳು! ಅವನು ಗುಂಡಿ ಒತ್ತಿದ, ಆಕೆ ಮಣಿ ಹಾಕಿದಳು. ಸದ್ದು ಇಳಿಸಿದ, ಮತ್ತೆ ಹಾಕಿದಳು. ಇನ್ನೂ ಇಳಿಸಿದ, ಆಗಲೂ ಹಾಕಿದಳು. ಬಾಗಿಲಲ್ಲಿ ನಿಂತಿದ್ದ ನನಗೆ ಸಂತೋಷದಿಂದ ಕುಣಿಯಬೇಕೆನಿಸಿತು. ಆಮೇಲೆ ನೋಡಿದರೆ ಆಕೆಯ ಕಣ್ಣು ಅವನ ಹೆಬ್ಬೆರಳ ಮೇಲಿತ್ತು. ಉಳವಪ್ಪನೂ ಅದನ್ನು ಕಂಡ. ತನ್ನ ಕೈಯ ಮೇಲೆ ಟವೆಲ್ಲು ಮುಚ್ಚಿಕೊಂಡು ಗುಂಡಿ ಒತ್ತಿದ. ಹುಡುಗಿ ಮಣಿ ಹಿಡಿದು ಅವನ ಮುಖವನ್ನೇ ನೋಡುತ್ತ ಕೂತಳು. ಯಂತ್ರವನ್ನು ಕಟ್ಟಕಡೆಯವರೆಗೆ ತಿರುಗಿಸಿದರೂ ಕೈ ಏಳಲಿಲ್ಲ. ನಗುತ್ತಲೇ ಇದ್ದಳು, ಇನ್ನೊಂದು ಸಲ ಆಡು ಎನ್ನುವ ಹಾಗೆ.

ಉಳವಪ್ಪ ಹೊರಗೆ ಬಂದು ಹೇಳಿದ, "ಎರಡೂ ಕಿವಿ ಕೇಳ್ಸೂದಿಲ್ಲರಿ."

ಬಸವಣ್ಣೆವ್ವ ಸೊಸೆಯ ಕಡೆ ತಿರುಗಿದಳು. "ನೋಡು! ಹತ್ತು ತಿಂಗಳಿದ್ದಾಗ ಕೇಳ್ಸತಿತ್ತು. ಇವರ ಬರದ ಕೊಟ್ಟಾರ. ಕಿವಿ ನೋವಂತ ಹೇಳಿ ಬೆಳ್ಳೊಳ್ಳಿ ಎಣ್ಣಿ ಕಾಸಿ ಹಾಕಿದಾಕಿ ನೀನು. ನನ್ನ ಮೊಮ್ಮಗಳ ಕಿವಿ ಸುಟ್ಟಾಕಿ ನೀನ!"

ಎರಡು ವರ್ಷದ ಕೂಸು ಕಿವಿ ಹಿಡಿದು ಅತ್ತಿತೆಂದು ಚಂದ್ರವ್ವ ಒಮ್ಮೆ ನಾಲ್ಕು ಹನಿ ಬೆಚ್ಚನೆಯ ಎಣ್ಣೆ ಹಾಕಿದ್ದು ನಿಜ. ಎಲ್ಲ ತಾಯಂದಿರೂ ಹಾಕುತ್ತಾರೆ, ನಮ್ಮವ್ವನೂ ನನಗೆ ಹಾಕಿದ್ದಾಳೆ. ಆದರೆ ಆ ಮಾತು ಬಿದ್ದಾಗ ಚಂದ್ರವ್ವನ ಮುಖ ನೋಡಬೇಕಿತ್ತು. ಅವಳು ಮೊದಲಿಂದಲೂ ಕೇಳಿಸುವುದಿಲ್ಲ ಅಂದವಳು. ಆ ಕ್ಷಣಕ್ಕೆ ತನ್ನ ಮಾತನ್ನೇ ಮರೆತಳು. ಕೈ ನೋಡಿಕೊಂಡಳು.

ಉಳವಪ್ಪನಿಗೆ ಆ ದಿನ ಸಮಾಧಾನವಿರಲಿಲ್ಲ. ಮರುದಿನ ಒಬ್ಬನೇ ಶಹಾಪುರಕ್ಕೆ ಹೋದ. ಈ ಸಲ ಅವನಿಗೆ ಯಾರೂ ಮಂಚದ ಮೇಲೆ ಗಾದಿ ಹಾಸಲಿಲ್ಲ. ಬಂದವನು ಅದೇ ಒಳಕೋಣೆಯಲ್ಲಿ, ಕೂಸು ಮಲಗುತ್ತಿದ್ದ ಜಾಗದಲ್ಲಿ, ನೆಲದ ಮೇಲೆ ಕೂತ. ಹೊರಗೆ ಮಗ್ಗಗಳು ನಡೆಯುತ್ತಿದ್ದವು. ಆಗ ಅವನಿಗೆ ತಿಳಿಯಿತು. ನೆಲ ನಡುಗುತ್ತಿತ್ತು. ಹಾಸುಗಲ್ಲಿನಿಂದ ಅವನ ಬೆನ್ನೆಲುಬಿನವರೆಗೆ ಆ ನಡುಕ ಹತ್ತುತ್ತಿತ್ತು. ಗುರುಸಿದ್ದ ಊಟಕ್ಕೆಂದು ಮಗ್ಗ ನಿಲ್ಲಿಸಿದಾಗ ಉಳವಪ್ಪನ ಮೈ ತಾನಾಗಿಯೇ ಬೆಚ್ಚಿ ಬಾಗಿಲ ಕಡೆ ಹೊರಳಿತು. ಕೂಸು ಅಂದು ಕೇಳಿ ತಿರುಗಿರಲಿಲ್ಲ, ಈ ನಡುಕ ನಿಂತದ್ದಕ್ಕೆ ತಿರುಗಿತ್ತು. ಎರಡೂವರೆ ವರ್ಷದ ಹಿಂದೆ ಗಾದಿಯ ಮೇಲೆ ಕಾಲು ಮಡಚಿ ಕೂತವರಿಗೆ ಇದು ಗೊತ್ತಾಗಿರಲಿಲ್ಲ. ನೇಕಾರರಿಗೋ, ಆ ನಡುಕ ಹುಟ್ಟಿದಾಗಿನಿಂದ ಮೈಗೆ ಹತ್ತಿದ್ದರಿಂದ ಅದು ಅಲ್ಲಿದೆ ಎಂಬುದೇ ಮರೆತುಹೋಗಿತ್ತು.

ಅವನು ಇದನ್ನು ನನಗೆ ಸಂಜೆಯ ಗಾಡಿಯಲ್ಲಿ ಹೇಳಿದ. ನಾನು ಕೇಳಿದೆ, "ಅವರಿಗೆ ಹೇಳಿದಿ?"

"ಹೇಳಾಕ ಬಾಯಿ ತಗದೆ," ಅಂದ. "ಎಣ್ಣಿಲೆ ಹಿಂಗ ಆಗೂದಿಲ್ಲರಿ ಅಂದೆ. ನಮ್ಮ ದವಾಖಾನಿ ಡಾಕ್ಟರೂ ಹಂಗ ಹೇಳ್ಯಾರ ಅಂದೆ. ಮುದುಕಿ ಏನಂದ್ಲು ಗೊತ್ತೇನು? ಹಂಗಾದ್ರ ನೀವು ಬರದದ್ದು ಸುಳ್ಳೇನ್ರಿ, ಅಂದ್ಲು. ಗುರುಸಿದ್ದ ನಿಂತಿದ್ದ, ಬಾಜೂ ಮನಿಯವರು ನಿಂತಿದ್ರು."

"ನೀ ಏನಂದಿ?"

"ಹಂಗಲ್ಲ, ಆವಾಗ ನೋಡಿದಾಗ ಹಂಗ ಕಂಡಿತ್ತು, ಅಂದೆ."

"ಥೂ ನಿನ್ನ!" ಅಂದೆ. ಗಾಡಿಯ ಡಬ್ಬಿಯಲ್ಲಿ ಇದ್ದವರೆಲ್ಲ ತಿರುಗಿ ನೋಡಿದರು. ಒಂದೇ ಒಂದು ಮಾತು, ಹೌದು ಸುಳ್ಳು, ನನ್ನದೇ ತಪ್ಪು, ಅಷ್ಟು ಅಂದಿದ್ದರೆ ಚಂದ್ರವ್ವನ ತಲೆಯ ಮೇಲಿನ ಬಂಡೆ ಇಳಿಯುತ್ತಿತ್ತು. ಅದು ಹೇಡಿತನ, ಅದಕ್ಕೆ ಬೇರೆ ಹೆಸರಿಲ್ಲ. ಬೈದೆ, ಸರಿ. ಆದರೆ ಶಿಕ್ಕಾ ಒತ್ತಿದ ನಾನು, ಅದೇ ಗಾದಿಯ ಮೇಲೆ ಕೂತಿದ್ದ ನಾನು ಹೋಗಿ ಹೇಳಿದೆನೇ? ನಾನೂ ಹೋಗಲಿಲ್ಲ.

ಗೌರವ್ವನ ಎದೆಗೆ ಡಬ್ಬಿಯಂಥ ಶ್ರವಣಯಂತ್ರ ಕಟ್ಟಿದರು. ಅದರಿಂದ ಆಕೆಗೆ ಸಿಕ್ಕಿದ್ದು ಬರೀ ಗುಡುಗಿನಂಥ ಗದ್ದಲ. ತಿಂಗಳೊಳಗೆ ಕಿತ್ತಿಟ್ಟಳು. ಮಾತು ಹಿಡಿಯುವ ವಯಸ್ಸು ಕಳೆದುಹೋಗಿದೆ, ಒಂದು ವರ್ಷದೊಳಗೇ ಕಟ್ಟಿದ್ದರೆ ಏನಾದರೂ ಆಗುತ್ತಿತ್ತೇನೋ ಎಂದು ನಮ್ಮ ದವಾಖಾನೆಯ ಡಾಕ್ಟರರು ಹೇಳಿ ಬೇರೆ ಊರಿಗೆ ವರ್ಗವಾಗಿ ಹೋದರು.

ಹೋಗುವಾಗ ಅವರು ತಮ್ಮ ಇಂಗ್ಲಿಷ್ ಪತ್ರಿಕೆಗಳ ಗಂಟನ್ನು ಉಳವಪ್ಪನಿಗೆ ಬಿಟ್ಟುಹೋದರು. ಅದರಲ್ಲಿ ಅವನು ಒಂದು ವಿಷಯ ಕಂಡ. ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು ವಾರಗಟ್ಟಲೆ ಗಾಡಿಯಲ್ಲಿ ಅದನ್ನೇ ಓದಿದ.

"ತ್ರ್ಯಂಬಕ, ಒಳಗಿವಿ ಬರೇ ಸದ್ದು ಕೇಳೂದಿಲ್ಲೋ. ತಾನೂ ಸದ್ದು ಮಾಡ್ತೈತಿ."

"ಕಿವಿನೂ ಮಾತಾಡ್ಲಿಕ್ಕೆ ಹತ್ತಿದ್ರ ಬಾಯಿ ಏನ್ ಮಾಡಬೇಕಪಾ?" ಅಂದೆ ನಾನು.

ಅವನು ನಗಲಿಲ್ಲ. "ಕಿವಿಯೊಳಗ ಟಕ್ ಅಂತ ಒಂದು ಸದ್ದು ಬಿಡೂದು. ಒಳಗಿವಿ ನೆಟ್ಟಗಿದ್ರ ಅದು ತನ್ನ ಸದ್ದೊಂದು ಹೊರಗ ಕಳಸ್ತೈತಿ. ಭಾಳ ಸಣ್ಣದು, ನಮಗ ಕೇಳ್ಸೂದಿಲ್ಲ, ಸಣ್ಣ ಮೈಕ್ ಇಟ್ಟು ಹಿಡೀಬೇಕು. ಒಳಗಿವಿ ಕೆಟ್ಟಿದ್ರ ಏನೂ ಬರೂದಿಲ್ಲ. ಬೆರಳು ಎತ್ತೂದು ಬ್ಯಾಡ, ಹೊಳ್ಳಿ ನೋಡೂದು ಬ್ಯಾಡ. ಕೂಸು ಮಲಗಿದ್ರೂ ನಡೀತೈತಿ."

ಆ ಯಂತ್ರ ಆಗಿನ್ನೂ ಪರದೇಶದ ಪ್ರಯೋಗಶಾಲೆಗಳಲ್ಲಷ್ಟೇ ಇತ್ತು. ಅವನು ಮೇಲಿನವರಿಗೆ ಅರ್ಜಿ ಬರೆದ, ನಾನೇ ಟೈಪು ಮಾಡಿಕೊಟ್ಟೆ. ಒಂದಕ್ಕೂ ಉತ್ತರ ಬರಲಿಲ್ಲ. ಒಂದು ದಿನ ಮಲಗಿದ್ದ ಕೂಸೊಂದರ ಕಿವಿಗೆ ಸ್ಟೆಥಾಸ್ಕೋಪಿನ ಕೊಳವೆ ಹಚ್ಚಿ ಕಣ್ಣು ಮುಚ್ಚಿ ಕೇಳುತ್ತ ನಿಂತಿದ್ದ. ಏನು ಕೇಳಿಸಿತು ಎಂದು ಕೇಳಿದರೆ, "ನನ್ನ ಎದಿ ಬಡಿತ," ಅಂದ. ಆ ಹೊತ್ತು ಅವನನ್ನು ಕಾಡಿಸುವ ಮನಸ್ಸು ನನಗೆ ಬರಲಿಲ್ಲ.

ಅಂದಿನಿಂದ ಅವನು ಯಾವ ಕೂಸಿಗೂ ಕೇಳಿಸುತ್ತದೆ ಎಂದು ಬರೆಯಲಿಲ್ಲ. "ಈಗಲೇ ಹೇಳಲಾಗದು, ಆರು ತಿಂಗಳ ನಂತರ ತೋರಿಸಿ" ಎಂದೇ ಬರೆಯುತ್ತಿದ್ದ. ಖಾನಾಪುರದ ಅಡವಿಯ ಅಂಚಿನ ಹಳ್ಳಿಗಳಿಂದ ಎರಡು ಬಸ್ಸು ಬದಲಿಸಿ ಬಂದ ತಾಯಂದಿರು ಅದನ್ನು ಕೇಳಿ ನನ್ನ ಕಿಟಕಿಯ ಮುಂದೆ ಬಂದು ಅಳುತ್ತಿದ್ದರು, ಕೆಲವರು ಬೈಯುತ್ತಿದ್ದರು. ಎಷ್ಟೋ ಜನ ತಿರುಗಿ ಬರಲೇ ಇಲ್ಲ. ತಪ್ಪು ಹೇಳಿ ಒಂದು ಕೂಸು ಕೆಡಿಸಿದ್ದ, ಈಗ ಏನೂ ಹೇಳದೆ ಎಷ್ಟನ್ನು ಕೆಡಿಸುತ್ತಿದ್ದಾನೋ ಎಂದು ನಾನು ಒಮ್ಮೆ ಮುಖಕ್ಕೆ ಹೇಳಿದೆ. "ಗೊತ್ತೈತಿ. ಆದ್ರ ನಾ ಏನ ಮಾಡ್ಲಿ, ಹೇಳು?" ಅಂದ.

ಎಂಬತ್ತೊಂಬತ್ತರ ಡಿಸೆಂಬರಿನಲ್ಲಿ ಪುಣೆಯಿಂದ ಕುಂದಾ ಎಂಬ ತರುಣ ಡಾಕ್ಟರು ಒಂದು ದಿನದ ಮಟ್ಟಿಗೆ ಆ ಯಂತ್ರ ತಂದರು. ಹೊಸದಾಗಿ ಪರದೇಶದಿಂದ ಬಂದದ್ದು, ಆಗಿನ ನಮ್ಮ ಡಾಕ್ಟರರಿಗೆ ತೋರಿಸಲೆಂದು ತಂದದ್ದು. ಟೀವಿಯಂಥ ಕಂಪ್ಯೂಟರು, ಅದರಿಂದ ಹೊರಟ ತಂತಿಯ ತುದಿಯಲ್ಲಿ ಕಡಲೆ ಕಾಳಿನಷ್ಟು ಮೆತ್ತನೆಯ ಬಿರಡೆ. ಉಳವಪ್ಪ ಬೆಳಿಗ್ಗೆಯೇ ಶಹಾಪುರಕ್ಕೆ ಹೋಗಿ ಚಂದ್ರವ್ವನನ್ನೂ ಗೌರವ್ವನನ್ನೂ ಕರೆತಂದಿದ್ದ. ಬಸವಣ್ಣೆವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಸಾಯುವವರೆಗೂ ಮೊಮ್ಮಗಳನ್ನು ನೋಡಿದಾಗಲೆಲ್ಲ ಎಣ್ಣೆಯ ಮಾತು ಎತ್ತುತ್ತಿದ್ದಳಂತೆ. ಈಗ ಆ ಮಾತನ್ನು ಗುರುಸಿದ್ದ ಎತ್ತುತ್ತಿದ್ದ.

ಮೊದಲು ನನ್ನ ಕಿವಿ. ಬಿರಡೆ ಇಟ್ಟು ಟಕಟಕ ಬಿಟ್ಟರು. ಪರದೆಯ ಮೇಲೆ ಸಣ್ಣ ಅಲೆಗಳೆದ್ದವು. "ಹಾ ತುಮಚ್ಯಾ ಕಾನಾಚಾ ಆವಾಜ್," ಇದು ನಿಮ್ಮ ಕಿವಿಯ ಸದ್ದು, ಎಂದರು ಕುಂದಾ. ಐವತ್ತು ವರ್ಷ ನನ್ನ ಕಿವಿ ನನಗೇ ಹೇಳದೆ ಏನೋ ಗುನುಗುತ್ತಿತ್ತೆಂದು ತಿಳಿದು ನನಗೆ ವಿಚಿತ್ರವಾಯಿತು.

ಆಮೇಲೆ ಗೌರವ್ವ. ಹನ್ನೊಂದು ವರ್ಷದ ಉದ್ದ ಜಡೆಯ ಹುಡುಗಿ, ಕಿವಿಯಲ್ಲಿ ಬಿರಡೆ ಇಟ್ಟಾಗ ಕಚಗುಳಿಯಾಗಿ ನಕ್ಕಳು. ಪರದೆಯ ಮೇಲೆ ಗೆರೆ ಮಟ್ಟಸವಾಗಿ ಬಿದ್ದಿತ್ತು. ಎಡಗಿವಿಗೂ ಅಷ್ಟೇ.

ಉಳವಪ್ಪ ಯಂತ್ರಕ್ಕೆ ಅಷ್ಟು ವರ್ಷ ಯಾಕೆ ಕಾದಿದ್ದ ಎಂಬುದು ನನಗೆ ಆಗ ಅರ್ಥವಾಯಿತು. ಮರಾಠಿಯಲ್ಲಿ ತಡವರಿಸುತ್ತ ಕೇಳಿದ, ಈ ಕಿವಿ ಹುಟ್ಟಿನಿಂದಲೇ ಹೀಗಿತ್ತೋ, ನಂತರ ಕೆಟ್ಟಿತೋ, ಯಂತ್ರ ಹೇಳುತ್ತದೆಯೇ? ತನ್ನ ಬದಲು ಅದು ಹೇಳಲಿ ಎಂದು ಅವನ ಆಸೆ. ಕುಂದಾ ತಲೆ ಅಲ್ಲಾಡಿಸಿದರು. ಇಂದಿನದಷ್ಟೇ ಹೇಳುತ್ತದೆ, ಹಿಂದಿನದು ಯಾರಿಗೂ ಗೊತ್ತಾಗುವುದಿಲ್ಲ, ಎಂದರು.

ಅಷ್ಟರಲ್ಲಿ ಇನ್ನೊಬ್ಬ ತಾಯಿ ಒಂಬತ್ತು ತಿಂಗಳ ಕೂಸು ತಂದಳು. ತೊಡೆಯ ಮೇಲೆ ಅದು ಗಾಢ ನಿದ್ದೆಯಲ್ಲಿತ್ತು. ನಿದ್ದೆ ಕೆಡದ ಹಾಗೆ ಬಿರಡೆ ಇಟ್ಟರು. ಅಲೆಗಳೆದ್ದವು. "ಒಳಗಿವಿ ಚಲೋ ಐತಿ," ಅಂದ ಉಳವಪ್ಪ. ಆ ತಾಯಿ ಕೂಸಿನ ಹಣೆಗೆ ಮುತ್ತಿಟ್ಟು ಎದ್ದುಹೋದಳು. ಚಂದ್ರವ್ವ ಬಾಗಿಲ ಹತ್ತಿರ ನಿಂತು ಎಲ್ಲವನ್ನೂ ನೋಡುತ್ತಿದ್ದಳು.

"ಎಷ್ಟೊತ್ತು ಆತ್ರಿ ಅದಕ್ಕ?" ಎಂದು ಕೇಳಿದಳು.

"ಎರಡು ನಿಮಿಷ," ಅಂದ ಉಳವಪ್ಪ.

ಆಕೆ ಎರಡು ನಿಮಿಷ ಎಂದು ತನ್ನಷ್ಟಕ್ಕೆ ಒಮ್ಮೆ ಅಂದುಕೊಂಡಳು. ಆಗ ಅವನು ಎದ್ದು ಆಕೆಯ ಮುಂದೆ ಬಂದು, ದೇವರ ಮುಂದೆ ನಿಲ್ಲುವ ಹಾಗೆ ಎರಡೂ ಕೈ ಮುಗಿದ. ಜನರಿದ್ದರು, ಅವನು ಯಾರನ್ನೂ ನೋಡಲಿಲ್ಲ.

"ಚಂದ್ರವ್ವಾ, ನನ್ನ ತಪ್ಪು. ನಿನ್ನ ಮಗಳಿಗೆ ಹತ್ತು ತಿಂಗಳಿದ್ದಾಗೂ ಕೇಳ್ಸತಿದ್ದಿಲ್ಲ. ಕೂಸು ನೆಲದ ನಡುಕ ನಿಂತದ್ದಕ್ಕ ಹೊಳ್ಳಿ ನೋಡಿತ್ತು, ನಾ ಮಂಚದ ಮ್ಯಾಲೆ ಕುಂತಿದ್ದೆ, ತಿಳೀಲಿಲ್ಲ. ನಾ ಬರದದ್ದು ಸುಳ್ಳು. ನಿನ್ನ ಎಣ್ಣಿಲೆ ಏನೂ ಆಗಿಲ್ಲ. ನೀ ಮೊದಲ ಹೇಳಿದ್ದ ಖರೇ ಇತ್ತು. ಏಳೆಂಟು ವರ್ಷದಿಂದ ನನಗ ಗೊತ್ತೈತಿ."

ನಾನೂ ಹೋಗಿ ಅವನ ಪಕ್ಕದಲ್ಲಿ ನಿಂತು, "ಹೌದವ್ವಾ, ನಾನೂ ಇದ್ದೆ. ಅವ ಹೇಳೂದು ಖರೇ ಅದ," ಅಂದೆ.

ಚಂದ್ರವ್ವ ಇಬ್ಬರನ್ನೂ ನೋಡಿದಳು. ಆಕೆಯ ಕಣ್ಣು ತುಂಬಿ ಬಂತು. ಈಗ ಬೈಯುತ್ತಾಳೆ, ಬೈಯಲಿ, ಹೊಡೆಯಲಿ ಎಂದು ನಾನು ಕಾದೆ. ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು ಸಣ್ಣಗೆ ನಕ್ಕಳು.

"ನೀವು ಭಾಳ ಒಳ್ಳೇ ಮಂದಿರಿ," ಅಂದಳು. "ನನ್ನ ಸಂಕಟ ನೋಡಲಾರದ ಹಿಂಗ ಹೇಳಾಕತ್ತೀರಿ. ಇರ್ಲಿ ಬಿಡ್ರಿ. ಎಣ್ಣಿ ಹಾಕಿದಾಕಿ ನಾನ ಅಲ್ಲೇನ್ರಿ? ಈ ಕೈಲೇನ ಹಾಕೀನಿ."

ಉಳವಪ್ಪ ಮತ್ತೆ ಮತ್ತೆ ಅದನ್ನೇ ಹೇಳಿದ. ಆಣೆ ಮಾಡಿದ. ಆಕೆ ಹೂಂ ಹೂಂ ಅನ್ನುತ್ತ, ಅಳುವ ಕೂಸಿಗೆ ಸಮಾಧಾನ ಹೇಳುವ ದನಿಯಲ್ಲಿ, "ಆತ್ರಿ, ಆತ್ರಿ, ತಿಳೀತ್ರಿ," ಅಂದಳು. ಮಗಳಿಗೆ ಮನೆಗೆ ಹೋಗೋಣ ಎಂದು ಕೈ ಮಾಡಿ, ನಮಗೆ ನಮಸ್ಕಾರ ಹೇಳಿ, ಇಬ್ಬರೂ ದವಾಖಾನೆಯ ಮುಂದಿನ ಮೆಟ್ಟಿಲು ಇಳಿದು ಹೋದರು.